ಮೂರು ಕಂಠಗಳ ಕಾಳಿಂಗರಾಯರು

ಪಾಂಡೇಶ್ವರ ಕಾಳಿಂಗರಾಯರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆದರೆ ಅವರನ್ನು ಒಂಟಿ ಗಾಯಕರೆಂದು ನೆನೆಯುವ ರೂಢಿಯೊಂದು ನಮ್ಮಲ್ಲಿ ಬೆಳೆದುಬಂದಿದೆ. ನನಗೆ ಅದು ಸರಿಯೆನಿಸದು. ಅವರೊಡನೆ ಮೋಹನಕುಮಾರಿ, ಸೋಹನಕುಮಾರಿ ಎಂಬ ಸಹೋದರಿಯರಿಬ್ಬರು ಹಾಡುತ್ತಿದ್ದರು. ನಾಡು ಮೆಚ್ಚಿದುದು ಈ ಮೂವರ ಮೇಳವನ್ನು.

ರಾಯರು ಹುಟ್ಟಿದುದು 1914ರಲ್ಲಿ, ಉಡುಪಿಯ ಕಡೆಯ ಆರೂರಿನಲ್ಲಿ. ತಂದೆ ಯಕ್ಷಗಾನದವರು, ಹೀಗಾಗಿ ಚೆಂಡೆ ಮದ್ದಳೆಗಳ ನಾದ ಮನೆಯ ಮಾತೇ ಆಗಿದ್ದಿತು. ಎಳೆಯ ವಯಸ್ಸಿನಲ್ಲಿಯೇ ನಾಟಕ ಕಂಪನಿ ಸೇರಿದರು. ಕಡೆಯ ಸಾಲಿನ ಪ್ರೇಕ್ಷಕನಿಗೂ ಮಾತು ಬಿಡಿಬಿಡಿಯಾಗಿ ಕೇಳಿಸಬೇಕೆಂಬ ರಂಗಭೂಮಿಯ ಕಟ್ಟುಪಾಡು ಅವರ ಗಾಯನದಲ್ಲಿ ಕೊನೆಯವರೆಗೂ ಉಳಿಯಿತೆಂದು ನಾನು ಭಾವಿಸುತ್ತೇನೆ. ಮುಂದೆ ಮದರಾಸಿನಲ್ಲಿ ಹಿಂದೂಸ್ಥಾನಿ ಸಂಗೀತವನ್ನು ಕಲಿಸುತ್ತ, ಚಲನಚಿತ್ರಗಳಲ್ಲಿಯೂ ದುಡಿದರು. 1947ರ ‘ಕೃಷ್ಣಲೀಲಾ’ ಚಿತ್ರಕ್ಕೆ ಸಂಗೀತ ಕೊಟ್ಟವರು ಅವರೇ.

ಅವರ ನಿಜವಾದ ಕೆಲಸ ಬೇರೆಯದು. ಬೇಂದ್ರೆ, ಕುವೆಂಪು ಮೊದಲಾದವರ ಕವಿತೆಗಳು ಆಗ ಓದುಬಲ್ಲವರ ಸೊತ್ತು. ಅಕ್ಷರವರಿಯದ ರೈತನಿಗೆ ಅವು ತಲುಪುವ ದಾರಿ ಯಾವುದು? ರಾಯರು ಆ ದಾರಿಯನ್ನು ಮಾಡಿಕೊಟ್ಟರು. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮುಖಕ್ಕೆ ಹಿಡಿಯುತ್ತಿದ್ದುದು ಸುಮಾರು 3 ನಿಮಿಷದ ಹಾಡು. ಅಷ್ಟರಲ್ಲಿ ಆಲಾಪನೆಗೆ ಎಡೆಯೆಲ್ಲಿ! ಮಾತು ಮುಂದೆ, ರಾಗ ಅದರ ಹಿಂದೆ. ರಾಜರತ್ನಂ ಅವರ ‘ರತ್ನನ ಪದಗಳು’ ರಾಯರ ಬಾಯಲ್ಲಿ ಬಂದಾಗ ಹೆಂಡಕುಡುಕ ರತ್ನನ ತೊದಲೂ ಇತ್ತು, ಅವನ ಘನತೆಯೂ ಇತ್ತು. ಮಡಿವಂತ ವಿದ್ವಾಂಸರು ಇದನ್ನು ಸಂಗೀತವೆಂದು ಒಪ್ಪದಿದ್ದರೆ ಒಪ್ಪದಿರಲಿ.

ಸಹೋದರಿಯರ ಪಾತ್ರವನ್ನು ಕಾಣಬೇಕಾದುದು ಜನಪದ ಗೀತೆಗಳಲ್ಲಿ. ಸೋಬಾನೆಯಾಗಲಿ, ಬೀಸುವ ಪದವಾಗಲಿ, ಒಬ್ಬರು ಹೇಳಿ ಮತ್ತೊಬ್ಬರು ಎತ್ತಿಕೊಳ್ಳುವಂಥದು. ಗಂಡುದನಿಯೊಂದರಿಂದಲೇ ಅದು ತುಂಬುವುದಿಲ್ಲ. ಆ ಇಬ್ಬರು ಹೆಣ್ಣುಮಕ್ಕಳ ದನಿ ಸೇರಿದೊಡನೆ ವೇದಿಕೆ ಹಳ್ಳಿಯ ಅಂಗಳವಾಗುತ್ತಿತ್ತು.

ಬಹುಕಂಠಗಳ ಲಘುಗಾಯನ ನಮ್ಮಲ್ಲಿ ಮಾತ್ರ ಇದ್ದುದಲ್ಲ. 1965ರಲ್ಲಿ ಅಮೆರಿಕದಲ್ಲಿ ‘ದಿ ಮಾಮಾಸ್ ಅಂಡ್ ದಿ ಪಾಪಾಸ್’ ಎಂಬ ತಂಡ ರೂಪುಗೊಂಡಿತು. ಇಬ್ಬರು ಗಂಡಸರು, ಇಬ್ಬರು ಹೆಂಗಸರು, ಎಳೆಬಿಸಿಲಿನಂಥ ಹಾಡುಗಳು. 1968ರ ಹೊತ್ತಿಗೆ ಅದು ಒಡೆದೇಹೋಯಿತು. ಆದರೂ ಆ ನಾಲ್ವರ ಹೆಸರುಗಳು ಗ್ರಂಥಗಳಲ್ಲಿ ಸವಿವರವಾಗಿ ದಾಖಲಾಗಿವೆ. ನಮ್ಮ ಸಹೋದರಿಯರಿಗೆ ರಾಯರ ಜೀವನಚರಿತ್ರೆಯಲ್ಲಿ ಅರ್ಧ ವಾಕ್ಯ ದೊರೆತರೆ ಅದೇ ಹೆಚ್ಚು.

1981ರಲ್ಲಿ ರಾಯರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ತೆರೆದ ಹಾದಿಯಲ್ಲಿ ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಮುಂತಾದವರು ನಡೆದರು. ಸುಗಮ ಸಂಗೀತವೆಂಬ ಹೆಸರು ಮನೆಮಾತಾಯಿತು.

ನಾನಿರುವ ಹುಳಿಮಾವು ಈಗ ಹಳ್ಳಿಯಲ್ಲ. ಬನ್ನೇರುಘಟ್ಟ ರಸ್ತೆಯ ವಾಹನಗಳ ಸದ್ದಿನಲ್ಲಿ ಹಾಡು ಕೇಳುವುದೇ ಕಷ್ಟ. ಆದರೂ ನವೆಂಬರಿನಲ್ಲಿ ಧ್ವಜ ಕಟ್ಟುವಾಗ ಹುಯಿಲಗೋಳ ನಾರಾಯಣರಾಯರ ಗೀತೆಯನ್ನು ರಾಯರ ಕಂಠದಲ್ಲಿ ಹಾಕುವವರು ಇದ್ದಾರೆ. 1956ರ ಏಕೀಕರಣಕ್ಕೆ ಮೊದಲೇ ಹುಟ್ಟಿದ ಗೀತೆಯದು. ಈ ರಾಯರು ಯಾರೆಂದು ಬೀದಿಯ ಹುಡುಗರು ವಿಚಾರಿಸಿದರೆ ನಾನು ಮೂರು ಹೆಸರು ಹೇಳುತ್ತೇನೆ. ಅವರು ಒಂದನ್ನು ನೆನಪಿಟ್ಟುಕೊಂಡು ಹೋಗುತ್ತಾರೆ. ಮುಂದಿನ ನವೆಂಬರಿನಲ್ಲಿ ಮತ್ತೆ ಮೂರನ್ನೂ ಹೇಳುತ್ತೇನೆ.