ಡೆಲ್ಫ್ಟಿನ ಜವಳಿ ವ್ಯಾಪಾರಿ

ಮೊನ್ನೆ ಬೆಳಗ್ಗೆ ನನ್ನ ಮೊಬೈಲ್ ಫೋನಿನ ಕ್ಯಾಮರಾದ ಮೇಲೆ ಕಡಲೆಕಾಳಿನಷ್ಟೂ ಇಲ್ಲದ ಮಸೂರವೊಂದನ್ನು ಕೂರಿಸಿ, ಅಂಗಳದ ದಾಸವಾಳದ ಪರಾಗವನ್ನು ಚಿತ್ರಿಸಲು ಕುಳಿತೆ. ಹೂವಿಗೂ ಮಸೂರಕ್ಕೂ ನಡುವೆ ಬೆರಳಗಲದ ಎಡೆಯೂ ಇರಕೂಡದು. ಉಸಿರಾಡಿದರೆ ಸಾಕು, ಚಿತ್ರ ಮಸುಕಾಗುತ್ತದೆ. ಫೋನನ್ನು ಕೂದಲೆಳೆಯಷ್ಟು ಹಿಂದುಮುಂದು ಸರಿಸುತ್ತ ಬಹಳ ಹೊತ್ತು ಹೆಣಗಿದ ಮೇಲೆ ಪರಾಗದ ಉರುಟು ಕಾಳುಗಳೂ ಅವುಗಳ ಮೈಮೇಲಿನ ಮುಳ್ಳುಗಳೂ ತೆರೆಯ ಮೇಲೆ ಮೂಡಿದವು. ಆಗ ನೆನಪಾದವನು, ಇಂಥದೇ ಒಂಟಿ ಮಸೂರವನ್ನು ನಂಬಿ ಬಾಳಿದ ಆಂಟನಿ ವಾನ್ ಲೀವೆನ್‌ಹುಕ್.

ಆತನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ 1632ರ ಅಕ್ಟೋಬರ್ 24ರಂದು ಹುಟ್ಟಿದನು. ತಂದೆ ಬುಟ್ಟಿ ಹೆಣೆಯುವವನು. ಬಾಲಕನು ಆಮ್‌ಸ್ಟರ್‌ಡ್ಯಾಮಿನ ಜವಳಿ ಅಂಗಡಿಯೊಂದರಲ್ಲಿ ಕಸುಬು ಕಲಿತು, 1654ರಲ್ಲಿ ಊರಿಗೆ ಮರಳಿ ಸ್ವಂತ ಅಂಗಡಿ ತೆರೆದನು. ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಆತನಿಗೆ ಬಾರದು. ಬಟ್ಟೆಯ ಎಳೆಗಳನ್ನು ಎಣಿಸಲು ಜವಳಿಯವರು ಬಳಸುತ್ತಿದ್ದ ಭೂತಗನ್ನಡಿಯ ಪರಿಚಯವಂತೂ ಇತ್ತು.

ಆತನ ಉಪಕರಣವನ್ನು ನೋಡಿದವರು ನಗಬೇಕು! ಅಂಗೈಯಲ್ಲಿ ಅಡಗುವ ಎರಡು ಲೋಹದ ತಗಡುಗಳು, ನಡುವೆ ಪುಟ್ಟ ಮಸೂರ, ವಸ್ತುವನ್ನು ಸಿಕ್ಕಿಸಲು ಒಂದು ಸೂಜಿ, ಸರಿಸಲು ತಿರುಪು. ಉಳಿದು ಬಂದಿರುವವುಗಳಲ್ಲಿ ಪ್ರಬಲವಾದುದು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಇಂಥ 500ಕ್ಕೂ ಹೆಚ್ಚು ಮಸೂರಗಳನ್ನು ಆತನು ಮಾಡಿದನು.

1673ರಿಂದ ಲಂಡನ್ನಿನ ರಾಯಲ್ ಸೊಸೈಟಿಗೆ ಡಚ್ ಭಾಷೆಯಲ್ಲೇ ಪತ್ರ ಬರೆಯತೊಡಗಿದನು. ಮೆಣಸಿನ ಖಾರಕ್ಕೆ ಕಾರಣವೇನೆಂದು ತಿಳಿಯಲು ಮೆಣಸನ್ನು ನೀರಿನಲ್ಲಿ ನೆನೆಹಾಕಿದ್ದನಷ್ಟೆ. 1676ರಲ್ಲಿ ಆ ನೀರಿನಲ್ಲಿ ಎಣಿಕೆಗೆ ಸಿಗದಷ್ಟು ಜೀವಿಗಳು ಓಡಾಡುವುದನ್ನು ಕಂಡನು. ಲಂಡನ್ನಿನವರು ನಂಬಲಿಲ್ಲ. ನನ್ನ ಫೋನಿನ ಚಿತ್ರವನ್ನು ಯಾರ ಮುಂದೆ ಬೇಕಾದರೂ ಹಿಡಿಯಬಹುದು. ಆತನಿಗೆ ಆ ಭಾಗ್ಯವಿರಲಿಲ್ಲ. ಸ್ವತಃ ಚಿತ್ರ ಬರೆಯಲೂ ಬಾರದೆ ಕಲಾವಿದನನ್ನು ಇಟ್ಟುಕೊಂಡಿದ್ದನು. ಕೊನೆಗೆ ಪಾದ್ರಿಗಳು ಮೊದಲಾದ ಎಂಟು ಮಂದಿ ಗಣ್ಯರಿಗೆ ತೋರಿಸಿ ಅವರಿಂದ ಸಾಕ್ಷಿಪತ್ರ ಬರೆಸಿ ಕಳಿಸಬೇಕಾಯಿತು. 1677ರ ನವೆಂಬರಿನಲ್ಲಿ ರಾಬರ್ಟ್ ಹುಕ್ ತಾನೇ ಪರೀಕ್ಷಿಸಿ ಕಂಡ ಮೇಲೆ ಸಂಶಯ ಕಳೆಯಿತು. 1680ರಲ್ಲಿ ಅದೇ ಸೊಸೈಟಿ ಈ ಜವಳಿ ವ್ಯಾಪಾರಿಯನ್ನು ಸದಸ್ಯನನ್ನಾಗಿ ಆರಿಸಿತು.

ಇಷ್ಟು ನೋವುಂಡವನು ಇತರರಿಗೂ ಕಾಣುವ ದಾರಿ ತೋರಿಸಬೇಡವೆ? ತೋರಿಸಲಿಲ್ಲ. ತನ್ನ ಅತ್ಯುತ್ತಮ ಮಸೂರಗಳನ್ನು ಬಂದವರ ಕೈಗೆ ಕೊಡಲಿಲ್ಲ, ಮಾಡುವ ಬಗೆಯನ್ನು ಹೇಳಲಿಲ್ಲ, ಶಿಷ್ಯರನ್ನು ಸಿದ್ಧಗೊಳಿಸಲಿಲ್ಲ. ಆತನ ಮೇಲಿನ ನನ್ನ ಗೌರವ ಇಲ್ಲಿ ಸ್ವಲ್ಪ ತಗ್ಗುತ್ತದೆ. 1723ರ ಆಗಸ್ಟ್ 26ರಂದು ತನ್ನ ತೊಂಬತ್ತನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು. ಸೊಸೈಟಿಗೆ ಬಿಟ್ಟುಹೋದ 26 ಬೆಳ್ಳಿಯ ಸೂಕ್ಷ್ಮದರ್ಶಕಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಾಣೆಯಾದವು. ಮಿಕ್ಕವು 1747ರಲ್ಲಿ ಹರಾಜಾದವು. ಆತನು ಕಂಡ ಬ್ಯಾಕ್ಟೀರಿಯಾಗಳ ಅಧ್ಯಯನ ನೆಲೆಗೊಳ್ಳಲು ನೂರು ವರ್ಷಕ್ಕೂ ಮೀರಿದ ಕಾಲ ಕಳೆಯಬೇಕಾಯಿತು.

2021ರಲ್ಲಿ ವಿಜ್ಞಾನಿಗಳು, ಉಟ್ರೆಕ್ಟಿನ ಸಂಗ್ರಹದಲ್ಲಿರುವ ಆ ಪ್ರಬಲ ಸೂಕ್ಷ್ಮದರ್ಶಕವನ್ನು ಬಿಚ್ಚದೆಯೇ ನ್ಯೂಟ್ರಾನುಗಳ ಸಹಾಯದಿಂದ ಒಳಹೊಕ್ಕು ನೋಡಿದರು. ಒಳಗಿದ್ದದ್ದು ಗಾಜನ್ನು ಕರಗಿಸಿ ಮಾಡಿದ ಪುಟ್ಟ ಗುಂಡು. ಅಂಥ ಗುಂಡು ಮಾಡುವ ಕ್ರಮವನ್ನು ರಾಬರ್ಟ್ ಹುಕ್ 1665ರಲ್ಲೇ ತನ್ನ ‘ಮೈಕ್ರೋಗ್ರಾಫಿಯಾ’ದ ಮುನ್ನುಡಿಯಲ್ಲಿ ಲೋಕಕ್ಕೆಲ್ಲ ಅಚ್ಚುಮಾಡಿಕೊಟ್ಟಿದ್ದನು!

ನನ್ನ ಪರಾಗದ ಚಿತ್ರವನ್ನು ನೋಡಿದ ನೆರೆಮನೆಯ ಹುಡುಗನು ಇರುವೆಯ ಕಣ್ಣು ನೋಡುವೆನೆಂದು ಮಸೂರವನ್ನು ಬೇಡಿ ಒಯ್ದಿದ್ದಾನೆ. ಇನ್ನೂ ಹಿಂದಿರುಗಿಸಿಲ್ಲ, ನಾನೂ ಕೇಳಿಲ್ಲ.