ಚಪ್ಪಟೆ ಗೆರೆಗೆ ಆಳ ಕೊಟ್ಟ ರೂವಾರಿ

ಆಂಟಾಪ್ ಹಿಲ್‌ನಲ್ಲಿ ನಾನಿರುವ ಮನೆಯ ಕಿಟಕಿಯಿಂದ ಮೊನೊರೈಲಿನ ಕಂಬಗಳ ಸಾಲು ಕಾಣುತ್ತದೆ. ಆ ಮಾರ್ಗದಲ್ಲಿ ಚೆಂಬೂರಿನ ಕಡೆಗೆ ‘ಮೈಸೂರು ಕಾಲೊನಿ’ ಎಂಬ ನಿಲ್ದಾಣವೂ ಇದೆ. ಊರಿನ ಹೆಸರು ಕಂಡರೆ ಸಾಕು, ಹೊರನಾಡಿನವರಿಗೆ ಒಳಗೆಲ್ಲೋ ಒಂದು ಎಳೆತ.

ನನ್ನ ಕೆಲಸ ಚಪ್ಪಟೆ ಚಿತ್ರಗಳಿಗೆ ಮೈ ಕೊಡುವುದು. ಅಂಗಡಿಯ ಲಾಂಛನವೋ ಟ್ರೋಫಿಯ ವಿನ್ಯಾಸವೋ ವೆಕ್ಟರ್ ಫೈಲಾಗಿ ಬರುತ್ತದೆ. ಅದರಲ್ಲಿ ಉದ್ದ, ಅಗಲ ಇರುತ್ತವೆ, ದಪ್ಪ ಇರುವುದಿಲ್ಲ. ಬ್ಲೆಂಡರ್ ತಂತ್ರಾಂಶಕ್ಕೆ ಆ ಗೆರೆಗಳನ್ನು ತಂದು ‘ಎಕ್ಸ್‌ಟ್ರೂಡ್’ ಕೊಟ್ಟರೆ, ಚಕ್ಕುಲಿ ಒರಳಿನಿಂದ ಹಿಟ್ಟು ಬಂದ ಹಾಗೆ ಆಕಾರ ಮೇಲೆದ್ದು ಬರುತ್ತದೆ. ಅಂಚು ಮಟ್ಟಸ ಮಾಡಿ ತ್ರೀಡಿ ಪ್ರಿಂಟರಿಗೆ ಕಳಿಸಿದರೆ ಮುಗಿಯಿತು.

ಮುಗಿಯಿತು ಎಂದುಕೊಂಡಿದ್ದೆ. ಎರಡು ವರ್ಷದ ಹಿಂದೆ ಇಲ್ಲಿನ ಕನ್ನಡಿಗರ ಸಂಘವೊಂದು ಸೋಮನಾಥಪುರದ ದೇವಾಲಯದ ಸ್ಮರಣಿಕೆ ಬೇಕೆಂದು ನನಗೇ ನೇರವಾಗಿ ಒಪ್ಪಿಸಿತು. ಸೊಗಸಾದ ರೇಖಾಚಿತ್ರ ಕೊಟ್ಟಿದ್ದರು. ಒಂದೇ ಮಧ್ಯಾಹ್ನದಲ್ಲಿ ಎಲ್ಲ ಗೆರೆಗಳಿಗೂ 4 ಮಿಲಿಮೀಟರ್ ದಪ್ಪ ಕೊಟ್ಟು 60 ತುಂಡು ಅಚ್ಚು ಹಾಕಿಸಿದೆ. ಸಂಘದ ಹಿರಿಯರೊಬ್ಬರು ಒಂದನ್ನು ಕೈಗೆತ್ತಿಕೊಂಡು ಆಚೀಚೆ ತಿರುಗಿಸಿ ನೋಡಿ, ಇದು ಗುಡಿಯ ಆಕಾರದ ಬಿಸ್ಕತ್ತಲ್ಲವೇನಪ್ಪ ಎಂದು ಮೆಲ್ಲಗೆ ಕೇಳಿದರು. ಅರುವತ್ತೂ ವಾಪಸ್ಸು ಬಂದವು. ಹಣ ಹೋದದ್ದಕ್ಕಿಂತ, ಅವರ ಮಾತು ನಿಜವಾಗಿದ್ದದ್ದು ಹೆಚ್ಚು ಚುಚ್ಚಿತು.

ಆ ದಸರೆಗೆ ಊರಿಗೆ ಹೋದಾಗ ಸೋಮನಾಥಪುರಕ್ಕೆ ಹೋಗಿ ಗೋಡೆಯ ಮುಂದೆ ನಿಂತೆ. ಅಲ್ಲಿ ನನಗೆ ಸಿಕ್ಕ ಗುರುವಿನ ಹೆಸರು ಮಲ್ಲಿತಮ್ಮ. ರೂವಾರಿ ಮಲ್ಲಿತಮ್ಮ.

ಇಂದು ಪತ್ರಿಕೆಗಳಲ್ಲಿ ಪ್ರತಿಯೊಂದು ಯೋಜನೆಗೂ ಒಬ್ಬ ‘ರೂವಾರಿ’ ಇರುತ್ತಾನೆ. ಹೊಯ್ಸಳರ ಕಾಲದಲ್ಲಿ ಅದು ಉಳಿ ಹಿಡಿದ ಶಿಲ್ಪಿಯ ಬಿರುದು. ಮಲ್ಲಿತಮ್ಮನ ಬದುಕನ್ನು ಯಾವ ಕವಿಯೂ ಬರೆದಿಲ್ಲ. ತಾನು ಕಡೆದ ವಿಗ್ರಹಗಳ ಕಾಲಬುಡದಲ್ಲಿ ಅವನೇ ಕೆತ್ತಿಕೊಂಡ ಹೆಸರುಗಳೇ ಅವನ ಚರಿತ್ರೆ.

ಆ ಚರಿತ್ರೆ ಶುರುವಾಗುವುದು ತರೀಕೆರೆ ಸೀಮೆಯ ಅಮೃತಾಪುರದಲ್ಲಿ. 1196ರಲ್ಲಿ, ಎರಡನೆಯ ವೀರಬಲ್ಲಾಳನ ಆಳ್ವಿಕೆಯಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿಯ ಮಂಟಪದ ಗುಮ್ಮಟದಂಥ ಒಳಮಾಳಿಗೆಗಳಲ್ಲಿ ಅವನು ಕೆಲಸ ಕಲಿತ. ಮುಂದೆ ‘ಯಶೋಧರ ಚರಿತೆ’ ಬರೆದ ಜನ್ನನ ಪದ್ಯಗಳು ಅದೇ ಗುಡಿಯ ಶಾಸನದಲ್ಲಿವೆ. ಒಬ್ಬ ಅಕ್ಷರದಲ್ಲಿ, ಇನ್ನೊಬ್ಬ ಕಲ್ಲಿನಲ್ಲಿ. ಇಬ್ಬರೂ ಒಂದೇ ಅಂಗಳದಲ್ಲಿ ಹೆಸರು ಬಿಟ್ಟುಹೋದರು.

ಅಲ್ಲಿಂದ ಅವನ ಹೆಸರು ಊರಿಂದೂರಿಗೆ ನಡೆಯುತ್ತದೆ. ಕೆಲಸ ಎಲ್ಲಿತ್ತೋ ಅಲ್ಲಿಗೆ ಹೋದ ವಲಸೆಗಾರ ಅವನು, ನಮ್ಮ ಹಾಗೆಯೇ. ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಗುಡಿಯಲ್ಲಿ ದ್ವಾರಪಾಲಕರ ಪೀಠದ ಮೇಲೆ ಅವನ ಹೆಸರಿದೆ. ನನ್ನ ಅಜ್ಜಿಯ ಊರು ಅದರ ಹತ್ತಿರವೇ. ರಜೆಯಲ್ಲಿ ಆ ಬಾಗಿಲಲ್ಲಿ ಎಷ್ಟು ಸಲ ಕಣ್ಣಾಮುಚ್ಚಾಲೆ ಆಡಿದ್ದೇನೋ, ಪೀಠದ ಕಡೆ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

1246ರಲ್ಲಿ ಬೊಮ್ಮಣ್ಣ ದಂಡನಾಯಕ ನುಗ್ಗೇಹಳ್ಳಿಯಲ್ಲಿ ಲಕ್ಷ್ಮೀನರಸಿಂಹ ದೇವಾಲಯ ಕಟ್ಟಿಸಿದ. ಅಲ್ಲಿ ಗೋಡೆಯನ್ನೇ ಹಂಚಿಕೊಂಡಂತಿದೆ: ದಕ್ಷಿಣದ ಕಡೆ ನಂದಿಯ ಬೈಚೋಜನ ಕೆಲಸ, ಉತ್ತರದ ಕಡೆ ಮಲ್ಲಿತಮ್ಮನದು. ವಿಷ್ಣುವಿನ ಲೆಕ್ಕ ಇಬ್ಬರಿಗೂ ಒಂದೇ. ನಾಲ್ಕು ಕೈ, ಶಂಖ, ಚಕ್ರ, ಗದೆ, ಪದ್ಮ ಎಂದು ನಾಲ್ಕು ಲಾಂಛನ. ಅವು ಕೈ ಬದಲಿಸಿದಂತೆ ಕೇಶವ, ನಾರಾಯಣ, ಮಾಧವ ಎಂದು 24 ರೂಪಗಳಾಗುತ್ತವೆ. ಯಾವ ಕೈಯಲ್ಲಿ ಏನು ಎಂಬುದನ್ನು ಶಾಸ್ತ್ರ ಹೇಳುತ್ತದೆ. ಮೊಣಕಾಲು ಎಷ್ಟು ಮುಂದೆ ಬರಬೇಕು, ಹಾರದ ಹಿಂದೆ ನೆರಳು ಎಷ್ಟು ಬೀಳಬೇಕು ಎಂಬುದನ್ನು ಶಿಲ್ಪಿಯ ಕೈಯೇ ತೀರ್ಮಾನಿಸಬೇಕು.

ನನ್ನ ತಪ್ಪು ನನಗೆ ತಿಳಿದದ್ದು ಇಲ್ಲಿ. ಗೆರೆ ಎಲ್ಲಿ ನಿಲ್ಲುತ್ತದೆ ಎಂದು ಚಿತ್ರ ಹೇಳುತ್ತದೆ, ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಹೇಳುವುದಿಲ್ಲ. ತಂತ್ರಾಂಶ ಆಳದ ಅಂಕಿಯನ್ನು ನಮ್ಮಿಂದಲೇ ಕೇಳುತ್ತದೆ. ನಾನು ಯೋಚಿಸದೆ ಮೂಗಿಗೂ ಗೋಡೆಗೂ ಒಂದೇ ಅಂಕಿ ಒತ್ತಿದ್ದೆ.

1258ರ ಸೋಮನಾಥಪುರ ಮಲ್ಲಿತಮ್ಮನ ಕೊನೆಯ ದೊಡ್ಡ ಕೆಲಸ. ಆಗ ಮೂರನೆಯ ನರಸಿಂಹನ ಕಾಲ. ಕಟ್ಟಿಸಿದವನು ಸೋಮನಾಥ ದಂಡನಾಯಕ. ಅಮೃತಾಪುರಕ್ಕೂ ಇದಕ್ಕೂ ನಡುವೆ 62 ವರ್ಷ, ನಾಲ್ಕು ದೊರೆಗಳ ಆಳ್ವಿಕೆ. ಮೊದಲ ಉಳಿ ಹಿಡಿದಾಗ ಹದಿನೆಂಟರ ಹುಡುಗನಾಗಿದ್ದನೆಂದರೂ ಇಲ್ಲಿ ಅವನಿಗೆ ಎಂಬತ್ತು. ಹೊರಗೋಡೆಯ 194 ದೊಡ್ಡ ವಿಗ್ರಹಗಳಲ್ಲಿ ಸುಮಾರು 40 ಅವನವು. ಮಸಣಿತಮ್ಮ, ಚೌಡೆಯ, ಬಾಲೆಯರ ಹೆಸರುಗಳೂ ಅದೇ ಗೋಡೆಯ ಮೇಲಿವೆ. ಪೂರ್ತಿ ಹೆಸರು ಬರೆಯಲು ಅವನು ಎಲ್ಲ ಕಡೆ ಮನಸ್ಸು ಮಾಡಿಲ್ಲ; ಕೆಲವೆಡೆ ಬರೀ ‘ಮಲ್ಲಿ’, ಇನ್ನು ಕೆಲವೆಡೆ ಒಂದೇ ಅಕ್ಷರ, ‘ಮ’.

ಆ ಗುಡಿಯ ನೆಲನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯುವುದು ಕಷ್ಟವಲ್ಲ. ಒಂದು ಚೌಕ ಹಾಕಿ, ಅದರ ನಡುಬಿಂದುವಿನ ಸುತ್ತ 22.5 ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಚೌಕ ಒಂದರ ಮೇಲೊಂದು ಇಟ್ಟು, ಹೊರಗೆರೆ ಮಾತ್ರ ಉಳಿಸಿದರೆ 16 ಮೂಲೆಯ ನಕ್ಷತ್ರ ಸಿಗುತ್ತದೆ. ಗೂಟ, ಹಗ್ಗ ಇದ್ದರೆ ನೆಲದ ಮೇಲೂ ಬರೆಯಬಹುದು. ಸೋಮನಾಥಪುರದ ಮೂರು ಗರ್ಭಗುಡಿಗಳೂ ಇಂಥ ನಕ್ಷತ್ರಗಳೇ. ಆದರೆ ಆ ಮೂಲೆಗಳು ಕಂಬದ ಹಾಗೆ ನೆಟ್ಟಗೆ ಮೇಲೇರುವುದಿಲ್ಲ. ತಳಪಟ್ಟಿಕೆಯಲ್ಲಿ ಆನೆ, ಕುದುರೆಗಳ ಸಾಲಾಗಿ, ಗೋಡೆಯಲ್ಲಿ ವಿಗ್ರಹಗಳಿಗೆ ಜಾಗ ಬಿಟ್ಟು, ಸೂರಿನಲ್ಲಿ ಮುಂದೆ ಚಾಚಿ, ಶಿಖರದಲ್ಲಿ ಅಂತಸ್ತು ಅಂತಸ್ತಾಗಿ ಕಿರಿದಾಗುತ್ತ ಹೋಗುತ್ತವೆ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿ. ಹೆಚ್ಚು ಕಡೆದರೆ ವಾಪಸು ಅಂಟಿಸುವಂತಿಲ್ಲ. ನಮಗೆ ‘ಅನ್‌ಡೂ’ ಇದೆ, ಅವನಿಗೆ ಇರಲಿಲ್ಲ. ಅವನ ಆಳದ ಅಂಕಿಗಳೆಲ್ಲ ಅರುವತ್ತು ವರ್ಷದ ಕೈಯಲ್ಲಿ ಇದ್ದವು.

ಸೋಮನಾಥಪುರದ ಬಳಿಕ ಅವನ ಉಳಿಯ ಸದ್ದಿಲ್ಲ. ಹೊಯ್ಸಳರ ರಾಜ್ಯವೂ ಮುಂದಿನ ಶತಮಾನದಲ್ಲಿ ಅಳಿಯಿತು. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಸೋಮನಾಥಪುರ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಫೋಟೊ ಹಂಚಿಕೊಂಡೆವು. ಪೀಠದ ಆ ಅಕ್ಷರದ ಫೋಟೊ ಯಾರೂ ಕಳಿಸಿದ ನೆನಪಿಲ್ಲ.

ಮುಂಬೈಗೆ ಮರಳಿ ಸ್ಮರಣಿಕೆಯನ್ನು ಮತ್ತೆ ಕೈಗೆತ್ತಿಕೊಂಡೆ. ಚಿತ್ರವನ್ನು ತಳಪಟ್ಟಿ, ಗೋಡೆ, ಸೂರು, ಶಿಖರ ಎಂದು ಪದರ ಪದರವಾಗಿ ಬಿಡಿಸಿ, ಪ್ರತಿಯೊಂದಕ್ಕೂ ಬೇರೆ ಆಳ ಕೊಟ್ಟೆ. ಅಂದು ಒಂದು ಮಧ್ಯಾಹ್ನದಲ್ಲಿ ಮುಗಿದ ಕೆಲಸ ಈ ಸಲ ಒಂಬತ್ತು ರಾತ್ರಿ ತಿಂದಿತು. ಅಷ್ಟರಲ್ಲಿ ಸಂಘದ ಸಮಾರಂಭ ಬೇರೆ ಸ್ಮರಣಿಕೆಯೊಂದಿಗೆ ಮುಗಿದಿತ್ತು. ಆದರೂ ಒಂದನ್ನು ಅಚ್ಚು ಹಾಕಿಸಿ ಆ ಹಿರಿಯರಿಗೆ ಕೊಟ್ಟುಬಂದೆ. ಅವರು ಏನೂ ಹೇಳಲಿಲ್ಲ. ಕನ್ನಡಕ ಸರಿಮಾಡಿಕೊಂಡು ಶಿಖರದ ಮೂಲೆಗಳ ಮೇಲೆ ಬೆರಳಾಡಿಸುತ್ತ ಕೂತರು. ಬುಡವನ್ನು ತಿರುಗಿಸಿ ನೋಡಲಿಲ್ಲ. ನೋಡಿದ್ದರೆ ಅರ್ಧ ಮಿಲಿಮೀಟರ್ ಆಳದಲ್ಲಿ ನನ್ನ ಹೆಸರಿನ ಮೊದಲ ಅಕ್ಷರ ಸಿಗುತ್ತಿತ್ತು.

ಈ ಸಲ ಊರಿಗೆ ಹೋದಾಗ ನಿಮ್ಮೂರಿನ ಹತ್ತಿರದ ಹೊಯ್ಸಳ ಗುಡಿಯಲ್ಲಿ ಒಮ್ಮೆ ಬಗ್ಗಿ ನೋಡಿ. ವಿಗ್ರಹದ ಪಾದದ ಕೆಳಗೆ ಯಾರಾದರೂ ಕಾದಿರಬಹುದು.