ಜಯದೇವಿತಾಯಿ ಲಿಗಾಡೆ: ಮರಾಠಿ ಶಾಲೆಯಿಂದ ಕನ್ನಡ ಕಾವ್ಯಕ್ಕೆ

ನಮ್ಮ ಶಾಲೆಗೆ ನೂರು ವರ್ಷ ತುಂಬಿದ ಈ ಸಂದರ್ಭದಲ್ಲಿ, ಕನ್ನಡ ಶಾಲೆಯ ಮೆಟ್ಟಿಲನ್ನೇ ಹತ್ತದೆ ಕನ್ನಡದ ಕವಯಿತ್ರಿಯಾದ ಸೊಲ್ಲಾಪುರದ ತಾಯಿಯೊಬ್ಬರನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಜಯದೇವಿತಾಯಿಯವರು 1912ರಲ್ಲಿ ಸೊಲ್ಲಾಪುರದ ಅನುಕೂಲವಂತ ವೀರಶೈವ ಮನೆತನದಲ್ಲಿ ಜನಿಸಿದರು. ಮನೆಯ ಮಾತು ಕನ್ನಡ, ಶಾಲೆಯ ಓದು ಮರಾಠಿ. ಎಳೆಯ ವಯಸ್ಸಿನಲ್ಲಿಯೇ ವಿವಾಹವಾಗಿ ಲಿಗಾಡೆ ಮನೆತನದ ಸೊಸೆಯಾದರು. ಕನ್ನಡದ ಓದು ಬರಹವನ್ನು ಅವರು ಸ್ವಂತ ಪರಿಶ್ರಮದಿಂದ ಸಾಧಿಸಿಕೊಂಡರು. ಇಂದಿಗೂ ಸೊಲ್ಲಾಪುರ, ಅಕ್ಕಲಕೋಟೆಗಳ ಎಷ್ಟೋ ಮನೆಗಳ ಸ್ಥಿತಿ ಇದೇ ಆಗಿದೆ: ಅಜ್ಜಿಯೊಡನೆ ಕನ್ನಡ, ಅಂಗಡಿಯಲ್ಲಿ ಮರಾಠಿ. ಮಗು ಎರಡನ್ನೂ ಬಲ್ಲದು. ಆದರೆ ಮನೆಯ ಮಾತು ಪುಸ್ತಕದಲ್ಲಿ ಕಾಣಸಿಗದಿದ್ದರೆ ಅದು ಓದಿಗೆ ತಕ್ಕ ಮಾತಲ್ಲವೆಂದು ತಿಳಿದುಬಿಡುತ್ತದೆ.

ತಾಯಿಯವರು ಹಾಗೆ ತಿಳಿಯಲಿಲ್ಲ. ಅವರ ಮುಖ್ಯ ಕೃತಿ ಸಿದ್ಧರಾಮೇಶ್ವರ ಪುರಾಣ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ನಮ್ಮ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ ಶಿವಯೋಗಿಯ ಚರಿತ್ರೆಯದು. ಅದಕ್ಕೆ ಅವರು ಆರಿಸಿಕೊಂಡ ಛಂದಸ್ಸು ತ್ರಿಪದಿ. ಪಂಡಿತರು ಮೆಚ್ಚುವ ಷಟ್ಪದಿಯನ್ನು ಬಿಟ್ಟು ನಮ್ಮ ತಾಯಂದಿರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಮೂರು ಸಾಲಿನ ಧಾಟಿಯನ್ನು ಹಿಡಿದದ್ದು ಸಣ್ಣ ಸಂಗತಿಯಲ್ಲ. ಭೀಮೆಯ ಆಚೆಯ ಹಲಸಂಗಿಯ ಗೆಳೆಯರು ಅಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ ಗರತಿಯ ಹಾಡು ಎಂಬ ಸಂಕಲನವನ್ನು ಹೊರತಂದಿದ್ದರು. ತಾಯಿಯವರು ಆ ಧಾಟಿಯಲ್ಲಿಯೇ ಸಾವಿರಾರು ಪದ್ಯಗಳ ಪುರಾಣವನ್ನು ಕಟ್ಟಿದರು.

ಅದು ಮಕ್ಕಳಿಗಾಗಿ ಬರೆದ ಗ್ರಂಥವಲ್ಲ. ಇಡಿಯಾಗಿ ಓದಿಸಹೋದರೆ ಮಕ್ಕಳು ದಣಿಯುತ್ತಾರೆ. ನಾವು ಕೆಲವೇ ಪದ್ಯಗಳನ್ನು ಆಯ್ದು ಓದಿಸುತ್ತೇವೆ. ಮೈಸೂರಿನ ದಸರೆಯ ಪಾಠದಲ್ಲಿ ಅಂಬಾರಿ ಎಂದರೇನೆಂದು ಬಿಡಿಸಿ ಹೇಳಬೇಕಾಗುತ್ತದೆ. ಸಿದ್ಧರಾಮನ ಕೆರೆಯ ಮಾತು ಬಂದರೆ ಅರ್ಥ ಹೇಳುವ ಸರದಿ ಮಕ್ಕಳದು. ಸಂಕ್ರಾಂತಿಯ ಗಡ್ಡಾ ಜಾತ್ರೆ, ಏಳು ನಂದಿಧ್ವಜಗಳು, ಅಕ್ಷತೆಯ ದಿನದ ಜನಸಂದಣಿ ಇವೆಲ್ಲ ಅವರು ಕಣ್ಣಾರೆ ಕಂಡವು. ಪಾಠದಲ್ಲಿ ಬಾಯಿ ತೆರೆಯದ ಮಗುವೂ ಅಂದು ಕೈ ಎತ್ತುವುದನ್ನು ನಾವು ಕಂಡಿದ್ದೇವೆ.

ಕನ್ನಡ ಮಾಧ್ಯಮದಲ್ಲಿ ಓದಿದರೆ ಮಗು ಮರಾಠಿಯಲ್ಲಿ ಹಿಂದೆ ಬೀಳುವುದೇ ಎಂದು ಪಾಲಕರು ಕೇಳುವುದುಂಟು. ನೌಕರಿಯ ಚಿಂತೆಯಿರುವವರ ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ತಾಯಿಯವರಂತೂ ಒಂದನ್ನು ಹಿಡಿಯಲು ಇನ್ನೊಂದನ್ನು ಬಿಡಲಿಲ್ಲ. ಕರ್ನಾಟಕ ಏಕೀಕರಣಕ್ಕಾಗಿ ದುಡಿದ ಅವರೇ ಶರಣರ ವಚನಗಳನ್ನೂ ಶೂನ್ಯಸಂಪಾದನೆಯನ್ನೂ ಮರಾಠಿ ಓದುಗರಿಗೆ ಮುಟ್ಟಿಸಿದರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರವೂ ಅಕ್ಕಲಕೋಟೆಯೂ ಕರ್ನಾಟಕದ ಹೊರಗೇ ಉಳಿದವು. ಅವರ ಬರವಣಿಗೆ ಎರಡೂ ಭಾಷೆಗಳಲ್ಲಿ ಮುಂದುವರಿಯಿತು.

1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಒಲಿಯಿತು. 1915ರಿಂದ ನಡೆದುಬಂದ ಸಮ್ಮೇಳನಕ್ಕೆ ಅಲ್ಲಿಯವರೆಗೆ ಮಹಿಳೆಯೊಬ್ಬರು ಅಧ್ಯಕ್ಷರಾಗಿರಲಿಲ್ಲ. ಆ ಗೌರವ ಪಡೆದ ಮೊದಲಿಗರು ಮಹಾರಾಷ್ಟ್ರದ ನೆಲದವರು, ಮರಾಠಿ ಶಾಲೆಯಲ್ಲಿ ಕಲಿತವರು ಎಂಬುದನ್ನು ನೆನೆದಾಗ ನಮಗೆ ಹೆಮ್ಮೆಯೆನಿಸುತ್ತದೆ. ಕೊನೆಯ ವರ್ಷಗಳನ್ನು ಬಸವಕಲ್ಯಾಣದಲ್ಲಿ ಕಳೆದು 1986ರಲ್ಲಿ ಅವರು ಲಿಂಗೈಕ್ಯರಾದರು.

ನಮ್ಮ ಗ್ರಂಥಾಲಯದಲ್ಲಿ ಅವರ ಪುಸ್ತಕಗಳ ಪಕ್ಕದಲ್ಲಿ ಒಂದು ನೋಟುಬುಕ್ಕಿದೆ. ಮಕ್ಕಳು ತಮ್ಮ ಅಜ್ಜಿಯರಿಂದ ಕೇಳಿ ಬರೆದು ತಂದ ಬೀಸುವ ಹಾಡುಗಳು ಅದರಲ್ಲಿವೆ. ಕೆಲವದರ ನಡುವೆ ಮರಾಠಿ ಪದಗಳೂ ಬಂದಿವೆ. ಅವನ್ನು ನಾವು ತಿದ್ದಿಲ್ಲ. ಹಾಳೆಗಳು ಇನ್ನೂ ಉಳಿದಿವೆ. ಈ ಹಾಡುಗಳನ್ನು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಪಾಲಕರೂ ಹಳೆಯ ವಿದ್ಯಾರ್ಥಿಗಳೂ ದಯವಿಟ್ಟು ಬರೆಸಿ ಕಳುಹಿಸಬೇಕೆಂದು ಕೋರುತ್ತೇವೆ.